ವೋಟಿನ ಕ್ಯಾಂಡಲ್

ಕಲ್ಲುಗುಂಡಿಯ ಗುರುವಪ್ಪನ ಸ್ವರ ಕಳೆದುಹೋದದ್ದು ಕಬಡ್ಡಿ ಪಂದ್ಯದಲ್ಲಿ. ಅವನು ಆಡಲು ಹೋದದ್ದಲ್ಲ, ಮೈಕ್ ಹಿಡಿದು ಆಟದ ವಿವರಣೆ ಕೊಡಲು ಹೋದದ್ದು. ಮೊದಲ ಪಂದ್ಯ ಅರ್ಧಕ್ಕೆ ಬರುವಾಗಲೇ ಮೈಕ್ ಕೆಟ್ಟಿತು. ಬೇರೆ ಯಾರಾದರೂ ಆಗಿದ್ದರೆ ಕೈಕಟ್ಟಿ ಕೂರುತ್ತಿದ್ದರು. ಗುರುವಪ್ಪ ಮೈಕನ್ನು ಬದಿಗಿಟ್ಟು, ಫೈನಲ್ ಮುಗಿಯುವವರೆಗೆ ಬರಿಯ ಬಾಯಲ್ಲೇ ನಡೆಸಿದ. ಮೈಕ್ ಇದ್ದಾಗಿನದಕ್ಕಿಂತ ಈಗಲೇ ಚೆನ್ನಾಗಿ ಕೇಳುತ್ತದೆ ಎಂದು ಆಚೆ ಊರು ಸಂಪಾಜೆಯಿಂದ ಯಾರೋ ಫೋನ್ ಮಾಡಿ ಹೇಳಿದರಂತೆ. ಮರುದಿನ ಬೆಳಿಗ್ಗೆ ಎದ್ದು ಹೆಂಡತಿಯನ್ನು ಕರೆಯಲು ಬಾಯಿ ತೆರೆದರೆ ಹಂಡೆಯ ತಳ ಕೆರೆದಂಥ ಸದ್ದು ಬಂತು, ಮತ್ತೆ ಅದೂ ನಿಂತಿತು.

ಪುತ್ತೂರಿನ ಡಾಕ್ಟರು ಗಂಟಲಿಗೆ ಟಾರ್ಚ್ ಹಾಕಿ ನೋಡಿ, ಇನ್ನು ಕೆಲವು ದಿನ ಇವರು ಒಂದಕ್ಷರ ಮಾತಾಡಬಾರದು ಎಂದರು. ಗುರುವಪ್ಪನಿಗೆ ಔಷಧಿ ಸಿಕ್ಕಿತು, ಊರಿಗೆ ರಜೆ ಸಿಕ್ಕಿತು. ಬಸ್ಸಿಗೆ ಕಾಯುವಲ್ಲಿ ಜನ ಶುರು ಮಾಡಿದ ಮಾತನ್ನು ತಾವೇ ಮುಗಿಸತೊಡಗಿದರು. ಅವರಿಗೆ ಅದು ಹೊಸ ಅನುಭವ.

ಹೆಂಡತಿ ಕುಮುದಿನಿಗೆ ಮಾತ್ರ ಮನೆ ಬಿಕೋ ಅನ್ನಿಸಿತು. ಘಾಟಿ ರಸ್ತೆಯ ತಿರುವಿನಲ್ಲಿ ಕ್ರೈಸ್ತರ ಒಂದು ಪುಟ್ಟ ಇಗರ್ಜಿ ಉಂಟು. ಅಲ್ಲಿಯ ಅಂತೋನಿ ಸಂತರು ಕಳೆದುಹೋದದ್ದನ್ನು ಹುಡುಕಿಕೊಡುವವರು. ಬೆಂಡೋಲೆ ಕಳೆದರೂ ಸರಿ, ದನ ಕಳೆದರೂ ಸರಿ, ಯಾವ ಜಾತಿಯವರೇ ಆಗಲಿ ಮಂಗಳವಾರ ಹೋಗಿ ಕ್ಯಾಂಡಲ್ ಹಚ್ಚಿ ಬರುತ್ತಾರೆ. ಸ್ವರ ಕಳೆದುಹೋದದ್ದೂ ಕಳೆದುಹೋದದ್ದೇ ಎಂದು ಕುಮುದಿನಿ ಲೆಕ್ಕ ಹಾಕಿ ಹರಕೆ ಹೇಳಿಕೊಂಡಳು. ಇವರ ಸ್ವರ ಸಿಕ್ಕಿದರೆ ಗಾಜಿನ ಕುಡಿಕೆಯಲ್ಲಿ ಇಡುವ ಸಣ್ಣ ಕ್ಯಾಂಡಲುಗಳನ್ನು ಒಂದು ಸಾಲು ಪೂರ್ತಿ ಹಚ್ಚುತ್ತೇನೆ, ಹರಕೆ ಸಂದಾಯ ಆಗುವವರೆಗೆ ನಮ್ಮ ಮನೆಯಲ್ಲಿ ಯಾರೂ ಮೀನು ಮುಟ್ಟುವುದಿಲ್ಲ.

ಸ್ವರ ಬಂತು. ಹೋದದ್ದಕ್ಕಿಂತ ಒಂದು ಅಳತೆ ದೊಡ್ಡದೇ ಬಂತು. ಈ ವಿಷಯದಲ್ಲಿ ನೆರೆಕರೆಯವರು ಸಂತರನ್ನು ದೂರಲಿಲ್ಲ, ಕುಮುದಿನಿಯನ್ನು ದೂರಿದರು.

ಇನ್ನು ಕೆಲಸ ಸುಲಭ. ಅದ್ದುವಿನ ಅಂಗಡಿಯಿಂದ ಕ್ಯಾಂಡಲ್ ತರುವುದು, ಹಚ್ಚುವುದು, ಬರುವಾಗ ಬಂಗುಡೆ ಮೀನು ತರುವುದು. ಗಂಡ ಹೆಂಡತಿ ಅಂಗಡಿಗೆ ಹೋದರು. ಬಸ್ ನಿಲ್ಲುವಲ್ಲಿಯೇ ಇರುವ ಅಂಗಡಿ. ಆ ಹೊತ್ತಿಗೆ ಜನವೂ ಇದ್ದರು. ಜನ ಕಂಡರೆ ಗುರುವಪ್ಪನಿಗೆ ಸುಮ್ಮನೆ ಇರಲು ಆಗುವುದಿಲ್ಲ. ಅದ್ದು ಕೊಟ್ಟ ಕ್ಯಾಂಡಲಿನ ಧೂಳು ಒರೆಸಿ, ಬೆಳಕಿಗೆ ಹಿಡಿದು, ಬಂಗಾರದ ಅಂಗಡಿಯವರ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದ.

"ಇದನ್ನು ಸಂತರಿಗೆ ಕೊಡುದಾ ಅದ್ದು? ಒಂದಕ್ಕೂ ಬತ್ತಿ ನೆಟ್ಟಗೆ ಇಲ್ಲ. ನಾನೇ ಮಾಡಿ ಕೊಡ್ತೇನೆ ಸಂತರಿಗೆ. ಇದ್ರಲ್ಲಿ ಎಂತ ಉಂಟು, ಕರಗಿಸುದು, ಹೊಯ್ಯುದು."

ಜನರಲ್ಲಿ ಒಬ್ಬಿಬ್ಬರು ತಲೆದೂಗಿದರು. ಗುರುವಪ್ಪನಿಗೆ ಅಷ್ಟು ಸಾಕಿತ್ತು. ಇನ್ನು ಧೂಳಿನ ಕ್ಯಾಂಡಲನ್ನೇ ಕಟ್ಟಿಸಿಕೊಂಡು ಹೊರಡುವ ಅಂತ ಚೀಲ ಒಡ್ಡಿದ. ಕುಮುದಿನಿ ಚೀಲವನ್ನು ಹಿಂದಕ್ಕೆ ಎಳೆದುಕೊಂಡಳು.

"ಸಂತರ ಹೆಸರು ತೆಗ್ದು ಹೇಳಿ ಆಯ್ತಲ್ಲ ನೀವು. ಇನ್ನು ಅಂಗಡಿದ್ದು ಆಗುದಿಲ್ಲ. ನೀವೇ ಮಾಡ್ಬೇಕು."

ಅದೇ ಹೊತ್ತಿಗೆ ಮೀನಿನವನ ಸ್ಕೂಟರು ಪೋಂ ಪೋಂ ಎಂದು ಹಾರ್ನ್ ಹಾಕಿಕೊಂಡು ಅವರನ್ನು ದಾಟಿ ಹೋಯಿತು. ಗುರುವಪ್ಪ ಅದು ತಿರುವು ದಾಟುವವರೆಗೆ ನೋಡಿದ. ಹೋಟೆಲಿನಲ್ಲಿ ತಿನ್ನಬಹುದಿತ್ತು. ಆದರೆ ತಿಂದು ಮತ್ತೆ ಸ್ವರ ಹೋದರೆ ತನ್ನನ್ನು ಕೇಳಬೇಡಿ ಎಂದು ಕುಮುದಿನಿ ಹೇಳಿದ್ದಳು. ಸ್ವರವಿಲ್ಲದ ಗುರುವಪ್ಪ ಹೇಗಿರುತ್ತಾನೆ ಎಂಬುದನ್ನು ಗುರುವಪ್ಪ ಒಮ್ಮೆ ನೋಡಿ ಆಗಿತ್ತು. ಮತ್ತೊಮ್ಮೆ ನೋಡುವ ಆಸೆ ಇರಲಿಲ್ಲ.

ಮಗಳು ತೃಷಾ ಪುತ್ತೂರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕೆ ಇದ್ದಳು. ಅಪ್ಪನ ಫೋನು ಬಂದಾಗ ನಕ್ಕಳು, ಮತ್ತೆ ಮೊಬೈಲಿನಲ್ಲಿ ಹುಡುಕಿ ಕ್ಯಾಂಡಲ್ ಮಾಡುವ ಅಚ್ಚು ತರಿಸಿದಳು. ಅದರ ಜೊತೆ ಮೇಣದ ಗಟ್ಟಿ, ಬತ್ತಿಯ ನೂಲು ಎಲ್ಲ ಕಟ್ಟಿ, ಸುಳ್ಯದ ಮೇಲಾಗಿ ಬರುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟು ಕಳಿಸಿದಳು. ಕಟ್ಟು ಬಂದು ಇಳಿದದ್ದು ಅದ್ದುವಿನ ಅಂಗಡಿಯ ಮುಂದೆಯೇ. ಮನೆಗೆ ಹೋಗಿ ಬಿಚ್ಚುವಷ್ಟು ತಾಳ್ಮೆ ಗುರುವಪ್ಪನಿಗೆ ಇರಲಿಲ್ಲ, ಜನರಿಗೂ ಇರಲಿಲ್ಲ.

ಒಳಗಿದ್ದದ್ದು ಯಾರೂ ಕಂಡಿರದಂಥದ್ದು. ನಸುಗೆಂಪು ಬಣ್ಣದ ಮೆತ್ತನೆಯ ಹಾಳೆ, ಅದರಲ್ಲಿ ಸಾಲಾಗಿ ಕುಳಿಗಳು. ಒತ್ತಿದರೆ ಒಳಗೆ ಹೋಗುತ್ತದೆ, ಬಿಟ್ಟರೆ ಮೊದಲಿನ ಹಾಗೆ ನಿಲ್ಲುತ್ತದೆ, ಮಗುಚಿದರೆ ಒಳಗಿನದು ಹೊರಗೆ ಬರುತ್ತದೆ. ಅದು ಇಡ್ಲಿ ಬೇಯಿಸುವಂಥದ್ದು ಎಂದು ಒಬ್ಬ ಹೇಳಿದ. ಪಕ್ಕದ ಮನೆಯ ಮುದುಕಿ ಸಫಿಯಮ್ಮ ಅದನ್ನು ತನ್ನ ಮಂಡಿಗೆ ಹಿಡಿದು ನೋಡಿ, ಬಿಸಿನೀರು ತುಂಬಿಸಿ ನೋವಿಗೆ ಇಡುವಂಥದ್ದು, ಚೆನ್ನಾಗಿ ಕೂರುತ್ತದೆ ಎಂದಳು. ಇದೇನೆಂದು ಕಟ್ಟಿನ ಮೇಲೆಯೇ ಬರೆದಿರಬೇಕಲ್ಲ, ಓದಿ ಎಂದು ಅದ್ದು ಕಟ್ಟನ್ನು ಗುರುವಪ್ಪನ ಕೈಗೆ ಕೊಟ್ಟ.

ಬರೆದದ್ದು ಇಂಗ್ಲಿಷಿನಲ್ಲಿತ್ತು. ಐದನೇ ಕ್ಲಾಸಿನಲ್ಲಿ ಶಾಲೆಯೂ ಗುರುವಪ್ಪನೂ ಪರಸ್ಪರ ಒಪ್ಪಿಗೆಯಿಂದ ಬೇರೆಯಾದವರು. ಆದರೆ ಒಂದು ಇಂಗ್ಲಿಷ್ ಶಬ್ದ ಮಾತ್ರ ಅವನಿಗೆ ಗುರುತಿತ್ತು. ಪ್ರತಿ ಚುನಾವಣೆಗೂ ಶಾಲೆಯ ಗೋಡೆಯಲ್ಲಿ ಇಷ್ಟು ದೊಡ್ಡದಾಗಿ ಬರೆಯುತ್ತಾರೆ: ವೋಟ್. ಕಟ್ಟಿನ ಮೇಲೆ ಮೊದಲ ಮೂರು ಅಕ್ಷರ ಅದೇ. ಹಿಂದೆ ಇನ್ನೇನೋ ಬಾಲ ಇತ್ತು. ಬಾಲವನ್ನು ಗುರುವಪ್ಪ ಬಿಟ್ಟುಬಿಟ್ಟ.

"ವೋಟಿನ ಕ್ಯಾಂಡಲು," ಎಂದ, ದಿನಾ ಓದುವವನ ಹಾಗೆ. "ಕಂಪೆನಿಯವರೇ ಬರ್ದಿದ್ದಾರೆ. ಇದು ಸಾದಾದ್ದಲ್ಲ."

ಅದ್ದು ಅಳೆಯುತ್ತಿದ್ದ ಅಕ್ಕಿಯನ್ನು ಅಲ್ಲಿಗೇ ಬಿಟ್ಟ. ಪಂಚಾಯತ್ ಚುನಾವಣೆಯ ನಾಮಪತ್ರ ಶುರುವಾಗಿತ್ತು. ಅವರ ವಾರ್ಡಿನಲ್ಲಿ ಹಿಂದಿನ ಅಧ್ಯಕ್ಷ ವಿಷ್ಣುಪ್ರಸಾದ್ ಒಬ್ಬರೇ ಹಾಕಿದ್ದು. ಅವಿರೋಧ ಆಯ್ಕೆ ಎಂದು ಅವರು ಒಳಗಿಂದೊಳಗೆ ಸಿಹಿ ಹಂಚಿಯೂ ಆಗಿತ್ತು.

"ಹಾಗಾದ್ರೆ ಈ ಸಲ ವೋಟಿಂದು ನೀವಾ ಗುರುವಣ್ಣ?" ಎಂದು ಅದ್ದು ಸ್ವರ ಇಳಿಸಿ ಕೇಳಿದ.

ಕ್ಯಾಂಡಲ್ ಮಾಡುವುದು ಯಾರೆಂದು ಕೇಳಿದ್ದಾನೆ ಎಂದು ಗುರುವಪ್ಪ ತಿಳಿದ. "ಮತ್ತೆ ಯಾರು? ನಾನೇ. ಈ ಊರಲ್ಲಿ ಬೇರೆ ಯಾರಿಗೆ ಆಗ್ತದೆ?"

ಅವನು ಕಟ್ಟು ಹೊತ್ತು ಮನೆಯ ಮೆಟ್ಟಿಲು ಹತ್ತುವ ಮೊದಲೇ ಸುದ್ದಿ ಹೊಳೆ ದಾಟಿತ್ತು. ಗುರುವಪ್ಪ ವೋಟಿಗೆ ನಿಲ್ಲುತ್ತಾನೆ, ಚಿಹ್ನೆ ಕ್ಯಾಂಡಲ್, ಮನೆಮನೆಗೆ ಹಂಚಲು ಪುತ್ತೂರಿಂದ ಸಾಮಾನು ಬಂದಿಳಿದಿದೆ. ಅದು ಹರಕೆಗೆ ಅಲ್ಲವಾ ಎಂದು ಕೇಳಿದವರೂ ಇದ್ದರು. ಬುದ್ಧಿವಂತರು ಅವರನ್ನು ಕನಿಕರದಿಂದ ನೋಡಿದರು. ಹರಕೆ ನೆಪ, ವೋಟು ಅಸಲು. ಹೋಗಲಿ, ಸ್ವರ ಹೋದದ್ದೂ ನೆಪವೇ. ಪ್ರಚಾರಕ್ಕೆ ಬೇಕಲ್ಲ, ಉಳಿಸಿ ಇಟ್ಟಿದ್ದ.

ಇತ್ತ ಗುರುವಪ್ಪನಿಗೆ ಊರಿನ ಪರಿವೆಯೇ ಇರಲಿಲ್ಲ, ಏಕೆಂದರೆ ಅಚ್ಚು ಮಾತು ಕೇಳುತ್ತಿರಲಿಲ್ಲ. ಅಟ್ಟದ ಮೇಲಿದ್ದ ಹಳೆಯ ಪಾತ್ರೆಯನ್ನಷ್ಟೇ ಕುಮುದಿನಿ ಕೊಟ್ಟಿದ್ದಳು; ಅದನ್ನು ಕುದಿಯುವ ನೀರಿನ ನಡುವೆ ಇಟ್ಟು ಮೇಣ ಕರಗಿಸಬೇಕು. ಮೊದಲನೆಯ ಸಲ ಅವನು ಬತ್ತಿ ಇಡಲು ಮರೆತು ಸುರಿದ. ಬಂದದ್ದು ಬಿಳಿ ಬೆಲ್ಲದ ಉಂಡೆಯಂಥದ್ದು. ಹಚ್ಚಲೂ ಆಗದು, ತಿನ್ನಲೂ ಆಗದು. ಎರಡನೆಯ ಸಲ ಬತ್ತಿ ಇಟ್ಟ, ಆದರೆ ಅಚ್ಚನ್ನು ಸ್ಟೂಲಿನ ಮೇಲೆ ಸುಮ್ಮನೆ ಇಟ್ಟು ಸುರಿದ. ಮೆತ್ತನೆಯ ಅಚ್ಚು ಭಾರಕ್ಕೆ ಸೊಂಟ ಬಗ್ಗಿಸಿತು. ಅರ್ಧ ಮೇಣ ದೋಸೆ ಕಾವಲಿಗೆ ಹೋಯಿತು. ಉಳಿದ ಅರ್ಧವನ್ನು ಬಿಸಿ ಆರುವ ಮೊದಲೇ ಕಳಚಿದ. ಕ್ಯಾಂಡಲುಗಳು ಹಿರಿಯರನ್ನು ಕಂಡ ಸೊಸೆಯರ ಹಾಗೆ ಬಾಗಿ ನಿಂತವು. ಮರುದಿನ ಬೆಳಿಗ್ಗೆ ಆ ಮನೆಯಲ್ಲಿ ದೋಸೆ ಕಾವಲಿಗೆ ಅಂಟಲೇ ಇಲ್ಲ. ಕುಮುದಿನಿ ಮೊದಲು ಖುಷಿಪಟ್ಟಳು, ತಿಂದು ನೋಡಿದ ಮೇಲೆ ಕಾವಲಿಯನ್ನು ಹೊರಗೆಸೆದಳು.

"ಗಟ್ಟಿ ಅಚ್ಚಾದ್ರೆ ಒಡೆದೇ ಹೋಗ್ತಿತ್ತು," ಎಂದು ಗುರುವಪ್ಪ ಅವಳಿಗೆ ಸಮಾಧಾನ ಹೇಳಿದ. "ಇದು ಬಗ್ಗುದು. ಬಗ್ಗುದಕ್ಕೆ ಹಿಡ್ಕೊಳ್ಳುವವರು ಬೇಕು ಅಷ್ಟೆ."

ಅಗಲದ ಅಡಿಕೆ ಹಾಳೆಯ ತಟ್ಟೆಯಲ್ಲಿ ಅಕ್ಕಿ ಹರಡಿ, ಅದರಲ್ಲಿ ಅಚ್ಚನ್ನು ಹೂತು ನಿಲ್ಲಿಸಿದ. ಈಗ ಅದು ಅತ್ತಿತ್ತ ಅಲ್ಲಾಡಲಿಲ್ಲ.

ಅಷ್ಟರಲ್ಲಿ ಸಫಿಯಮ್ಮ ಬೇಲಿಯ ಹತ್ತಿರ ಬಂದು ನಿಂತಳು. ತನ್ನ ಮನೆಯ ದಾರಿಯಲ್ಲಿ ಬೀದಿದೀಪ ಹೋಗಿ ಯಾವ ಕಾಲವಾಯಿತು, ಕೇಳುವವರಿಲ್ಲ, ಸಂಜೆಯಾದರೆ ಕಾಲಿಡಲು ಹೆದರಿಕೆ, ನೀನಾದರೂ ಒಂದು ಬೆಳಕು ಕೊಡು ಮಗಾ ಎಂದಳು. ಗುರುವಪ್ಪನಿಗೆ ಹೃದಯ ತುಂಬಿ ಬಂತು. ಒಂದು ಎಂತಕ್ಕೆ, ಎರಡು ಕೊಡ್ತೇನೆ, ಮಂಗಳವಾರ ಮುಗಿದ ಕೂಡಲೇ ಕಳಿಸ್ತೇನೆ ಎಂದ. ಗೆಲ್ಲುವ ಮೊದಲೇ ಎರಡು ಬೀದಿದೀಪ, ಅದೂ ಮಂಗಳವಾರಕ್ಕೆ. ಸಫಿಯಮ್ಮ ಅಲ್ಲಿಂದ ಹೊರಟವಳು ಕತ್ತಲಾಗುವವರೆಗೆ ಮನೆಗೆ ಹೋಗಲಿಲ್ಲ. ಹೇಳಬೇಕಾದ ಮನೆಗಳು ತುಂಬ ಇದ್ದವು. ಆಮೇಲೆ ಬಂದವರಿಗೂ ಗುರುವಪ್ಪ ಇಲ್ಲ ಎನ್ನಲಿಲ್ಲ. ಬೆಳಕು ಬೇಕೆಂದವರಿಗೆಲ್ಲ ಬೆಳಕು ಕೊಡುತ್ತೇನೆ ಎಂದ. ಊರಿನವರಿಗೆ ಕ್ಯಾಂಡಲಿನ ಮೇಲೆ ಇಷ್ಟು ಆಸೆ ಇದೆಯೆಂದು ಅವನಿಗೆ ಗೊತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಕೊನೆಯ ಸಲ ಮೇಣ ಹೊಯ್ದು, ಕೈ ಒರೆಸಿಕೊಂಡು ಜಗಲಿಗೆ ಬರುವಾಗ ವಿಷ್ಣುಪ್ರಸಾದರ ಕಾರು ಅಂಗಳಕ್ಕೆ ಬಂತು. ವಿಷ್ಣುಪ್ರಸಾದ್ ಈ ಮನೆಗೆ ಬಾರದೆ ಐದು ವರ್ಷ ಆಗಿತ್ತು, ಅಂದರೆ ಹಿಂದಿನ ಚುನಾವಣೆಯಿಂದ. ಕುರ್ಚಿಯ ತುದಿಯಲ್ಲಿ ಕೂತರು. ಮಳೆಯ ವಿಷಯ, ಅಡಿಕೆಯ ವಿಷಯ ಮುಗಿಸಿ ಮೆಲ್ಲ ಮುಂದೆ ಬಾಗಿದರು.

"ಗೌಡ್ರೇ, ನೀವು ಹಾಕ್ತೀರಿ ಅಂತ ಕೇಳಿದೆ."

"ಹಾಕ್ತೇನೆ ಎಂತ, ಹಾಕಿ ಆಯ್ತು. ಈಗಷ್ಟೇ ಹಾಕಿ ಕೈ ಒರೆಸಿದ್ದು."

ವಿಷ್ಣುಪ್ರಸಾದರ ಮುಖದ ನೀರಿಳಿಯಿತು. "ಯಾರಿಗೂ ಹೇಳದೆಯಾ?"

"ಇದಕ್ಕೆಲ್ಲ ಯಾರಿಗೆ ಹೇಳುದು ಮಾರಾಯ್ರೆ. ಕುಮುದಾ ದನದ ಹಟ್ಟಿಗೆ ಹೋದ ಕೂಡ್ಲೇ ಹಾಕಿದೆ. ಇದ್ರೆ ಬಿಡ್ತಿರ್ಲಿಲ್ಲ."

"ಹಿಂದೆ ತೆಗೀಲಿಕ್ಕೆ ಟೈಮ್ ಉಂಟಲ್ಲ."

"ತೆಗೀಬಹುದು. ಆದ್ರೆ ಈಗ ಅವಸರ ಮಾಡಿದ್ರೆ ಸೊಂಟ ಮುರೀತದೆ. ಮೊನ್ನೆ ಹಾಗೇ ಆದದ್ದು."

ಯಾರ ಸೊಂಟ ಎಂದು ಕೇಳಲು ವಿಷ್ಣುಪ್ರಸಾದರಿಗೆ ಧೈರ್ಯ ಬರಲಿಲ್ಲ. ನಿಮ್ಮ ಹಿಂದೆ ಯಾರಿದ್ದಾರೆ, ಪುತ್ತೂರಿಂದ ಏನೋ ಬಂದಿಳಿಯಿತಂತೆ ಎಂದು ಕೇಳಿದರು. ಬಂದದ್ದು ನಿಜ, ಅಚ್ಚು ಬಂತು ಎಂದ ಗುರುವಪ್ಪ. ಅಚ್ಚು ಎಂದರೆ ಕರಪತ್ರ ಎಂದು ವಿಷ್ಣುಪ್ರಸಾದ್ ಮನಸ್ಸಿನಲ್ಲೇ ಬರೆದುಕೊಂಡರು. ಪುತ್ತೂರಿನಲ್ಲಿ ಅಚ್ಚು ಹಾಕಿಸಿದ್ದೆಂದರೆ ದೊಡ್ಡವರ ಕೈ ಇದೆ.

"ಹೊಸ ನಮೂನೆದ್ದು ಬಂದದ್ದು," ಗುರುವಪ್ಪ ಹುಮ್ಮಸ್ಸಿನಿಂದ ವಿವರಿಸಿದ. "ಮೊದಲಿನ ಹಾಗೆ ಗಟ್ಟಿದ್ದಲ್ಲ. ಹೊರಗಿಂದ ನೋಡಿದ್ರೆ ಮೆತ್ತಗೆ. ಆದ್ರೆ ಒಳಗೆ ಬಿದ್ದವ ಹೇಗೆ ಬೇಕೋ ಹಾಗೆ ಕೂತುಬಿಡ್ತಾನೆ. ಆಮೇಲೆ ಒಂದು ಸಲ ಮಗುಚಿದ್ರೆ ಆಯ್ತು, ಪೂರಾ ಹೊರಗೆ."

"ಮಗುಚುದು ಯಾವಾಗ?"

"ನಾಳೆ ಮಂಗಳವಾರ. ಬತ್ತಿ ಎಲ್ಲ ಮೊದಲೇ ಇಟ್ಟು ಆಗಿದೆ."

"ಬತ್ತಿ ಇಟ್ಟು ಆಗಿದೆಯಾ?"

"ಬತ್ತಿ ಇಡದೆ ಹಾಕಿ ಎಂತ ಪ್ರಯೋಜನ ವಿಷ್ಣಣ್ಣ? ಮೊದಲು ಬತ್ತಿ ಇಡುದು, ಆಮೇಲೆ ಹಾಕುದು. ಒಂದೊಂದಕ್ಕೆ ಒಂದೊಂದು, ಯಾವುದನ್ನೂ ಬಿಡ್ಲಿಲ್ಲ."

ತಮ್ಮ ಕಡೆಯವರು ಒಬ್ಬೊಬ್ಬರೇ ವಿಷ್ಣುಪ್ರಸಾದರ ಕಣ್ಣ ಮುಂದೆ ಬಂದು ಹೋದರು. ಯಾರಿಗೆಲ್ಲ ಬತ್ತಿ ಇಟ್ಟಿರಬಹುದು? ಮೊನ್ನೆಯಿಂದ ನಂಬಿಕಸ್ಥ ಒಬ್ಬ ಫೋನ್ ಎತ್ತುತ್ತಿರಲಿಲ್ಲ, ಅದರ ಅರ್ಥ ಈಗ ಹೊಳೆಯಿತು. ಕೊನೆಗೆ ಅವರು ಕೈಯೆರಡನ್ನೂ ಜೋಡಿಸಿದರು. ನಾವು ಹೊರಗಿನವರಲ್ಲ, ನಿಮಗೆ ಬೇಕಾದದ್ದು ಎಂತ, ಮುಚ್ಚುಮರೆ ಇಲ್ಲದೆ ಹೇಳಿ ಎಂದರು.

ಗುರುವಪ್ಪ ನಿಟ್ಟುಸಿರು ಬಿಟ್ಟ. ಇಷ್ಟು ದಿನದಲ್ಲಿ ಈ ಪ್ರಶ್ನೆಯನ್ನು ಕೇಳಿದವರು ಇವರೊಬ್ಬರೇ.

"ನನಗೆ ಬೇಕಾದ್ದು ಮೀನು," ಎಂದ. "ಬೇರೆ ಎಂತದೂ ಬೇಡ. ಮೀನು ಕೈಗೆ ಸಿಗುವವರೆಗೆ ನಾನು ಇದನ್ನು ಬಿಡುದಿಲ್ಲ."

ಮೀನೆಂದರೆ ಪಯಸ್ವಿನಿ ಹೊಳೆಯ ಮೀನಿನ ಏಲಂ ಎಂದು ವಿಷ್ಣುಪ್ರಸಾದ್ ಅರ್ಥ ಮಾಡಿಕೊಂಡರು; ಅದು ಇಷ್ಟು ದಿನ ಅಧ್ಯಕ್ಷರ ಕೈಯಲ್ಲೇ ಇದ್ದದ್ದು. ಈ ಮನುಷ್ಯ ಕಬಡ್ಡಿ ವಿವರಣೆ ಕೊಟ್ಟುಕೊಂಡು, ಸ್ವರ ಕಳೆದುಕೊಂಡವನ ಹಾಗೆ ನಟಿಸಿ, ಒಳಗೊಳಗೆ ಹೊಳೆಯ ಮೇಲೆಯೇ ಕಣ್ಣಿಟ್ಟಿದ್ದಾನೆ. ಕುಮುದಿನಿ ತಂದ ಚಹಾವನ್ನು ಹಾಗೆಯೇ ಬಿಟ್ಟು ಎದ್ದರು. ಕಾರು ಗೇಟು ದಾಟುವ ಮೊದಲೇ ಫೋನ್ ಕಿವಿಗೆ ಹೋಗಿತ್ತು. ವೋಟರುಗಳಿಗೆ ಹಂಚಲು ಮನೆಯೊಂದರಲ್ಲಿ ರಾಶಿ ಕ್ಯಾಂಡಲ್ ತಯಾರಾಗುತ್ತಿದೆ ಎಂದು ಚುನಾವಣಾ ಕಚೇರಿಗೆ ಒಬ್ಬ ಜವಾಬ್ದಾರಿಯುತ ನಾಗರಿಕನ ದೂರು ಮುಟ್ಟಿತು.

ಮಂಗಳವಾರ ಬೆಳಿಗ್ಗೆ ಗುರುವಪ್ಪ ಅಚ್ಚನ್ನು ಅಕ್ಕಿಯಿಂದ ಎತ್ತಿ, ಕಾಲುಚೀಲ ಕಳಚಿದ ಹಾಗೆ ಮಗುಚಿದ. ಕ್ಯಾಂಡಲುಗಳು ಪಟಪಟನೆ ಉದುರಿ, ನುಣ್ಣಗೆ, ನೆಟ್ಟಗೆ, ಬತ್ತಿ ನಡುವಿನಲ್ಲಿ, ಒಂದಕ್ಕೂ ಊನವಿಲ್ಲದೆ ನಿಂತವು. ಕುಮುದಿನಿ ಮೊದಲ ಸಲ ಗಂಡನ ಕೆಲಸಕ್ಕೆ ಕೊರತೆ ಹೇಳಲಿಲ್ಲ. ಮೀನಿಗೆ ಹುಣಸೆಹುಳಿ ನೆನೆಹಾಕುತ್ತೇನೆ ಎಂದು ಒಳಗೆ ಹೋದಳು. ಆ ಶಬ್ದ ಕೇಳಿ ಗುರುವಪ್ಪನ ಬಾಯಲ್ಲಿ ನೀರು 'ಚಳ್' ಎಂದಿತು. ಆಗ ಅಂಗಳದಲ್ಲಿ ಜೀಪು ನಿಂತಿತು.

ಇಳಿದದ್ದು ಚುನಾವಣಾ ತಂಡದ ಅಧಿಕಾರಿ ಮುಫೀದಾ ಮೇಡಂ, ಒಬ್ಬ ಪೊಲೀಸ್, ಮತ್ತೆ ವಿಡಿಯೋ ಮಾಡುವ ಸಫ್ವಾನ್. ಜೀಪಿನ ಹಿಂದೆ ಅದ್ದು, ಸಫಿಯಮ್ಮ, ಇನ್ನರ್ಧ ಊರು. ಮೇಡಂ ಮೆತ್ತಗೆ ಮಾತಾಡುವವರು. ಈ ಕ್ಯಾಂಡಲ್ ನಿಮ್ಮದಾ ಎಂದು ಕೇಳಿದರು. ಕೇಳುವವರ ಜೊತೆಗೆ ಕ್ಯಾಮರಾವೂ ಇದ್ದದ್ದರಿಂದ ಗುರುವಪ್ಪ ಅಂಗಿಯ ಗುಂಡಿ ಹಾಕಿಕೊಂಡು, ಪಂದ್ಯದ ಸ್ವರದಲ್ಲಿ ಉತ್ತರ ಕೊಟ್ಟ.

"ನನ್ನದೇ. ಒಬ್ಬನೇ ಮಾಡಿದ್ದು. ವೋಟಿನ ಕ್ಯಾಂಡಲು."

ಇದೆಲ್ಲ ಜನರಿಗೆ ಕೊಡುವುದಾ ಎಂದು ಮೇಡಂ ಕೇಳಿದರು. ಇವತ್ತಿನದು ಒಂದು ಕಡೆಗೆ, ಆಮೇಲೆ ಇನ್ನೊಂದು ಸಲ ಹಾಕಿ ಎಲ್ಲರಿಗೂ ಕೊಡ್ಲಿಕ್ಕೆ ಉಂಟು, ಸಫಿಯಮ್ಮನಿಗೆ ಎರಡು ಅಂತ ಮಾತು ಕೊಟ್ಟಾಗಿದೆ ಎಂದ. ಸಫಿಯಮ್ಮ ಹಿಂದಿನಿಂದ, ಹೌದು, ಎರಡು ಎಂದೇ ಹೇಳಿದ್ದು ಎಂದು ಸಾಕ್ಷಿ ನುಡಿದಳು. ಪೊಲೀಸ್ ರಟ್ಟಿನ ಪೆಟ್ಟಿಗೆ ತಂದ. ಕ್ಯಾಂಡಲುಗಳು ಒಂದೊಂದಾಗಿ ಪೆಟ್ಟಿಗೆಗೆ ಇಳಿದವು, ಅದರ ಮೇಲೆ ಅಚ್ಚು. ಟೇಪು ಸುತ್ತಿದರು. ಕೇಸು ಆಗುತ್ತದೆ, ಇದನ್ನು ಸುಳ್ಯದಲ್ಲಿ ಇಡುತ್ತೇವೆ, ಮತ ಎಣಿಕೆ ಮುಗಿದ ಮೇಲೆ ತೀರ್ಮಾನ ಎಂದು ಮೇಡಂ ಹೇಳಿದರು.

ಕೇಸು ಎಂದಾಗ ಅಲ್ಲಾಡದಿದ್ದ ಗುರುವಪ್ಪ ಇದಕ್ಕೆ ಅಲ್ಲಾಡಿದ. ಎಣಿಕೆ. ಅಂದರೆ ಪ್ರಚಾರ ಮುಗಿದು, ವೋಟು ಮುಗಿದು, ಪೆಟ್ಟಿಗೆ ಒಡೆದು, ಎಣಿಸಿ, ಪಟಾಕಿ ಹೊಡೆದು. ಅಷ್ಟೂ ದಿನ ಈ ಮನೆಯಲ್ಲಿ ಬದನೆ, ಬೆಂಡೆ, ಅಲಸಂಡೆ.

"ಮೇಡಂ, ಅದು ಹರಕೆದ್ದು," ಕುಮುದಿನಿ ಒಳಗಿಂದ ಹುಣಸೆಯ ಕೈಯಲ್ಲೇ ಬಂದಳು. "ಅಂತೋನಿ ಸಂತರಿಗೆ ಹೇಳಿದ್ದು. ಇವರಿಗೆ ಸ್ವರ ಹೋಗಿತ್ತು."

ಹರಕೆ ನೆಪ ಎಂದೇ ದೂರಿನಲ್ಲಿ ಹೇಳಿದ್ದಾರೆ ಎಂದರು ಮೇಡಂ. ಇವರಿಗೆ ಸ್ವರ ಹೋಗಿತ್ತು ಎಂಬುದನ್ನಂತೂ ಅವರು ನಂಬುವ ಹಾಗೆಯೇ ಇರಲಿಲ್ಲ. ಇವರೇ ಈಗ ಕ್ಯಾಮರಾದ ಮುಂದೆ ವೋಟಿನ ಕ್ಯಾಂಡಲ್ ಎಂದರಲ್ಲ? ನಾನು ಹೇಳಿದ್ದಲ್ಲ, ಕಂಪೆನಿಯವರು ಬರೆದದ್ದು ಎಂದು ಗುರುವಪ್ಪ ಓಡಿ ಹೋಗಿ ಕಟ್ಟಿನ ಕಾಗದ ತಂದು ಅವರ ಮುಖಕ್ಕೆ ಹಿಡಿದ. ಓದಿ, ನೀವೇ ಓದಿ, ನಾನು ಸುಳ್ಳು ಹೇಳುವವನಲ್ಲ.

ಮುಫೀದಾ ಮೇಡಂ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಸಫ್ವಾನನಿಗೆ ಕ್ಯಾಮರಾ ಸ್ವಲ್ಪ ಆಚೆ ತಿರುಗಿಸು ಎಂದು ಸನ್ನೆ ಮಾಡಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಭುಜ ಅಲ್ಲಾಡಿಸಿದರು. ಮೇಡಮ್ಮಿಗೆ ನೀರು ಕೊಡಿ ಎಂದ ಪೊಲೀಸ್.

"ಇದು ವೋಟ್ ಅಲ್ಲ, ವೋಟಿವ್," ಎಂದರು ಕೊನೆಗೆ. "ಹಾಗೆಂದ್ರೆ ಹರಕೆದ್ದು ಅಂತಲೇ ಅರ್ಥ."

ಊರು ಗುರುವಪ್ಪನನ್ನು ನೋಡಿತು. ಅಂಥ ಹೊತ್ತಿನಲ್ಲಿ ಬೇರೆಯವರಾದರೆ ತಲೆ ತಗ್ಗಿಸುತ್ತಿದ್ದರು.

"ಮತ್ತೆ ಹರಕೆ ಅಂತ ನೆಟ್ಟಗೆ ಕನ್ನಡದಲ್ಲಿ ಬರೀಲಿಕ್ಕೆ ಕಂಪೆನಿಯವರಿಗೆ ಎಂತ ಕಷ್ಟ?" ಎಂದ ಗುರುವಪ್ಪ. "ಅವರ ಮೇಲೆ ಕೇಸು ಹಾಕಿ ಮೇಡಂ. ನನ್ನದನ್ನು ಬಿಡಿ."

ಹಾಗಾದರೆ ನೀವು ವೋಟಿಗೆ ನಿಲ್ಲುವುದಿಲ್ಲವಾ ಎಂದು ಅದ್ದು ಹಿಂದಿನಿಂದ ಕೇಳಿದ. ನಾನಾ, ನನಗೆ ಪುರುಸೊತ್ತು ಎಲ್ಲಿ ಉಂಟು ಎಂದ ಗುರುವಪ್ಪ. ಅದ್ದು ವಾಚು ನೋಡಿಕೊಂಡ. ಆಮೇಲೆ ಅವನು ಗುಂಪಿನಲ್ಲಿ ಕಾಣಿಸಲಿಲ್ಲ.

ಆದರೆ ದೂರು ಬಂದದ್ದು ಬಂದದ್ದೇ, ವರದಿ ಬರೆಯಬೇಕು. ಹರಕೆ ಎಂದು ಬರೆದರೆ ಮೇಲಿನವರು ಪುರಾವೆ ಕೇಳುತ್ತಾರೆ. ಮೇಡಂ ಸ್ವಲ್ಪ ಯೋಚಿಸಿ, ಗುರುವಪ್ಪನನ್ನೂ ಕುಮುದಿನಿಯನ್ನೂ ಪೆಟ್ಟಿಗೆಯನ್ನೂ ಜೀಪಿಗೆ ಹತ್ತಿಸಿದರು. ಹರಕೆ ಸಂದಾಯ ಆಗುವುದನ್ನು ವಿಡಿಯೋ ಮಾಡಿದರೆ ಅದಕ್ಕಿಂತ ದೊಡ್ಡ ಪುರಾವೆ ಇಲ್ಲ. ಹೀಗೆ ಸರಕಾರದ ಜೀಪಿನಲ್ಲಿ, ಪೊಲೀಸ್ ಕಾವಲಿನಲ್ಲಿ, ಟೇಪು ಸುತ್ತಿದ ಹರಕೆ ಘಾಟಿ ರಸ್ತೆಯ ಇಗರ್ಜಿಗೆ ಹೋಯಿತು. ಹಿಂದಿನಿಂದ ಬೈಕು, ರಿಕ್ಷಾ, ನಡೆಯುವವರು. ದಾರಿಯವರಿಗೆ ಅದು ಬಂಧನವೋ ಮೆರವಣಿಗೆಯೋ ಗೊತ್ತಾಗದೆ, ಯಾವುದಕ್ಕೂ ಇರಲಿ ಎಂದು ಕೈ ಮುಗಿದರು. ಗುರುವಪ್ಪ ಜೀಪಿನಿಂದ ಎಲ್ಲರಿಗೂ ಕೈ ಬೀಸಿದ. ಕುಮುದಿನಿ ಆ ಕೈಯನ್ನು ಎಳೆದು ಕೆಳಗಿಟ್ಟಳು.

ಟೇಪು ಬಿಚ್ಚಿ ಗಾಜಿನ ಕುಡಿಕೆಗಳಲ್ಲಿ ಕ್ಯಾಂಡಲ್ ಇಟ್ಟರು. ಒಂದಾದರೂ ಅಳತೆ ತಪ್ಪಲಿಲ್ಲ. ಸಾಲು ಪೂರ್ತಿ ಉರಿಯಿತು, ಹೊಗೆ ಇಲ್ಲ, ಕಣ್ಣೀರಿಲ್ಲ, ನೆಟ್ಟಗಿನ ಜ್ವಾಲೆ. ಕುಮುದಿನಿ ಕಣ್ಣು ಮುಚ್ಚಿ ನಿಂತಳು. ಗುರುವಪ್ಪ ಕಣ್ಣು ಬಿಟ್ಟೇ ನಿಂತು, ಇದನ್ನು ಯಾವ ಅಂಗಡಿಯಲ್ಲಾದರೂ ಕಂಡದ್ದುಂಟಾ ಎಂದು ಪೊಲೀಸನಿಗೆ ಪಿಸುಗುಟ್ಟಿದ. ಆ ಪಿಸುಮಾತು ವಿಡಿಯೋದಲ್ಲಿ ಸ್ಪಷ್ಟವಾಗಿ ದಾಖಲಾಗಿದೆ. ಅವನಿಗೆ ಸ್ವರ ಸಿಕ್ಕಿದೆ ಎಂಬುದಕ್ಕೂ ಅದೇ ಪುರಾವೆಯಾಯಿತು.

ಬರುವಾಗ ಗುರುವಪ್ಪ ಮೀನಿನ ಅಂಗಡಿಯ ಮುಂದೆ ಜೀಪು ನಿಲ್ಲಿಸಲು ಹೇಳಿ ಇಳಿದ. ನೀಲಿ ಬೆನ್ನು ಮಿನುಗುವ ಬಂಗುಡೆ. ಮೀನಿನ ತೊಟ್ಟೆ ಹಿಡಿದು ಮತ್ತೆ ಜೀಪಿಗೆ ಕಾಲಿಡುವಾಗ ಮೇಡಂ ತಡೆದರು.

"ಮೀನು ಹಿಡ್ಕೊಂಡು ನೀವು ನಡ್ಕೊಂಡೇ ಹೋಗಿ ಗೌಡ್ರೇ. ಚುನಾವಣೆ ಜೀಪಲ್ಲಿ ಮೀನು ಸಾಗಿಸಿದ್ರೆ ನಾಳೆ ದೂರು ನನ್ನ ಮೇಲೆ."

ನಡೆದ. ಅಷ್ಟು ಸಂತೋಷದಿಂದ ಆ ದಾರಿಯಲ್ಲಿ ಯಾರೂ ನಡೆದದ್ದಿಲ್ಲ.

ಕುಮುದಿನಿ ಮಸಾಲೆ ಅರೆದು, ಬಂಗುಡೆಯ ಹುಳಿಖಾರದ ಪುಳಿಮುಂಚಿ ಕುದಿಸಿ, ಮಣ್ಣಿನ ಅಳಗೆಯನ್ನು ಕೆಳಗಿಳಿಸುವಾಗ ಮಧ್ಯಾಹ್ನ ಕಳೆದಿತ್ತು. ನಾಮಪತ್ರ ಕೊಡುವ ಕೊನೆಯ ಹೊತ್ತೂ ಮುಗಿದಿತ್ತು. ಗುರುವಪ್ಪ ಮಣೆಯ ಮೇಲೆ ಕೂತು ಮೊದಲ ಬಂಗುಡೆಯ ಬೆನ್ನಿಗೆ ಬೆರಳು ಹಾಕಿದ್ದ. ಆಗ ಜಗಲಿಯಲ್ಲಿ ಕೆಮ್ಮಿದ ಸದ್ದಾಯಿತು. ಕುಮುದಿನಿ ಹೋಗಿ ಮಾತಾಡಿಸಿ ಬಂದು, ವಿಷ್ಣುಪ್ರಸಾದ್ ಬಂದಿದ್ದಾರೆ, ಮೂಗಿಗೆ ಕರ್ಚೀಫು ಹಿಡಿದುಕೊಂಡು ನಿಂತಿದ್ದಾರೆ ಎಂದಳು. ಅವರ ಅವಿರೋಧ ಆಯ್ಕೆ ಹಾಳಾಗಿತ್ತು. ಕೊನೆಯ ಗಳಿಗೆಯಲ್ಲಿ ಒಬ್ಬ ಬಿಳಿ ಅಂಗಿ ಹಾಕಿಕೊಂಡು ಬೈಕಿನಲ್ಲಿ ಬಂದು ನಾಮಪತ್ರ ಕೊಟ್ಟಿದ್ದ. ಊರಿನವರೆಲ್ಲ ಬೆಳಕು ಬೇಕು, ಬದಲು ಬೇಕು ಎಂದು ತನ್ನ ಅಂಗಡಿಯ ಮುಂದೆಯೇ ನಿಂತು ಮಾತಾಡುವುದನ್ನು ಅವನು ಒಂದು ವಾರದಿಂದ ಕೇಳಿದ್ದ. ನಿಲ್ಲಬೇಕಾದವನು ನಿಲ್ಲುವುದಿಲ್ಲ ಎಂದೂ ಬೆಳಿಗ್ಗೆ ಖುದ್ದಾಗಿ ಕೇಳಿಕೊಂಡಿದ್ದ. ಜೀಪಿನಲ್ಲಿ ಹಿಡಿದುಕೊಂಡು ಹೋದವನನ್ನು ಆ ಸಂತರು ಅರ್ಧ ದಿನದಲ್ಲಿ ಬಿಡಿಸಿದರಂತೆ ಎಂಬ ಸುದ್ದಿ ವಿಷ್ಣುಪ್ರಸಾದರಿಗೂ ಮುಟ್ಟಿತ್ತು. ಅವರಿಗೆ ಬೇಕಾದದ್ದು ಗುರುವಪ್ಪನ ಕೈಯಿಂದ ಒಂದು ಸಾಲು ಹರಕೆಯ ಕ್ಯಾಂಡಲ್, ಚುನಾವಣೆ ಗೆಲ್ಲುವುದಕ್ಕೆ.

ಕುಮುದಿನಿ ಅಷ್ಟು ಹೇಳಿ ಮುಗಿಸುವುದರೊಳಗೆ ಅಂಗಳದಲ್ಲಿ ಬೈಕು ನಿಂತಿತು. ಬಿಳಿ ಅಂಗಿಯ ಅದ್ದು. ತನ್ನ ಅಂಗಡಿಯಲ್ಲಿ ಪೆಟ್ಟಿಗೆ ತುಂಬ ಕ್ಯಾಂಡಲ್ ಇಟ್ಟುಕೊಂಡವನು, ಇಲ್ಲಿಗೇ ಬಂದಿದ್ದ.

ಜಗಲಿಯ ಆ ತುದಿಯಲ್ಲಿ ಒಬ್ಬರು, ಈ ತುದಿಯಲ್ಲಿ ಒಬ್ಬ. ನಡುವೆ ಪುಳಿಮುಂಚಿಯ ಪರಿಮಳ. ಇಬ್ಬರಿಗೂ ಬೇಕಾದದ್ದು ವೋಟಿನ ಕ್ಯಾಂಡಲೇ.

"ಕೂತ್ಕೊಳ್ಳಿ," ಒಳಗಿಂದ ಗುರುವಪ್ಪನ ಸ್ವರ ಬಂತು. ಹಂಚು ಸ್ವಲ್ಪ ಅದುರಿತು. "ನಾನು ಊಟಕ್ಕೆ ಕೂತಿದ್ದೇನೆ."

ಕುಮುದಿನಿ ಎರಡನೆಯ ಬಂಗುಡೆ ಬಡಿಸಿದಳು. ಐದು ವರ್ಷ ಪಂಚಾಯತಿನ ಬಾಗಿಲಲ್ಲಿ ಊರನ್ನು ಕಾಯಿಸಿದವರು, ಒಂದು ಮೀನಿನ ಮುಳ್ಳು ಬಿಡಿಸುವಷ್ಟು ಹೊತ್ತು ಜಗಲಿಯಲ್ಲಿ ಕಾದರು. ಬಂಗುಡೆಗೆ ಮುಳ್ಳು ಅಂಥ ಹೆಚ್ಚೇನೂ ಇಲ್ಲ. ಗುರುವಪ್ಪ ಒಂದೊಂದನ್ನೇ ತೆಗೆದು, ಬೆಳಕಿಗೆ ಹಿಡಿದು ನೋಡಿ, ಬಾಳೆಲೆಯ ಬದಿಯಲ್ಲಿ ಸಾಲಾಗಿ ಇಟ್ಟ.